ಸಿಂಗಲ್ ಲಿವರ್ ಇರುವ ನಲ್ಲಿ ಮತ್ತೆ ಸೋರುತ್ತಿದೆ, ಕಾರ್ಟ್ರಿಡ್ಜ್ ಬದಲಾಯಿಸಿ ಎರಡು ತಿಂಗಳೂ ಆಗಿಲ್ಲ

ನಾಪೋಕ್ಲು_ತೋಟದಮನೆ · ಜುಲೈ 26, ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಅಡುಗೆಮನೆ ಸಿಂಕಿನ ನಲ್ಲಿ ಸೋರುತ್ತಿದೆ. ಒಂದೇ ಹ್ಯಾಂಡಲ್ ಇರುವ ಮಿಕ್ಸರ್ ಅದು. ಮೇಲಕ್ಕೆತ್ತಿದರೆ ನೀರು, ಎಡಕ್ಕೆ ತಿರುಗಿಸಿದರೆ ಬಿಸಿ, ಬಲಕ್ಕೆ ತಣ್ಣೀರು. ಮೇ ಕೊನೆಯಲ್ಲೂ ಹೀಗೇ ಆಗಿತ್ತು. ಪ್ಲಂಬರ್ ಬಂದು, ನೀರು ಬಿಡುವ, ನಿಲ್ಲಿಸುವ ಒಳಗಿನ ಭಾಗ, ಕಾರ್ಟ್ರಿಡ್ಜ್ ಅನ್ನುತ್ತಾರಲ್ಲ, ಅದನ್ನು ಬದಲಾಯಿಸಿ ಹೋದರು. ಎರಡು ತಿಂಗಳು ತುಂಬುವ ಮೊದಲೇ ಮತ್ತೆ ಟಪ್ ಟಪ್ ಶುರುವಾಗಿದೆ. ಎಷ್ಟು ಒತ್ತಿ ಮುಚ್ಚಿದರೂ ನಿಲ್ಲುವುದಿಲ್ಲ.

ನಿನ್ನೆ ರಾತ್ರಿ 10 ಗಂಟೆಗೆ ಕೆಳಗೆ ಪಾತ್ರೆ ಇಟ್ಟೆ. ಬೆಳಿಗ್ಗೆ 6ಕ್ಕೆ ನೋಡಿದರೆ ಸುಮಾರು ಒಂದೂವರೆ ಲೀಟರ್ ತುಂಬಿತ್ತು. ಹೊರಗೆ ಇಷ್ಟು ಮಳೆ ಸುರಿಯುವಾಗ ಒಂದೂವರೆ ಲೀಟರ್ ಏನು ಲೆಕ್ಕ ಅಂತ ಮನೆಯಲ್ಲಿ ಕೇಳುತ್ತಾರೆ. ಆದರೆ ಹೀಗೇ ಬಿಟ್ಟರೆ ಮಾರ್ಚ್‌ನಲ್ಲೂ ಸೋರುತ್ತಿರುತ್ತದೆ, ಅಲ್ವಾ? ಆಗ ನಮ್ಮ ಗುಡ್ಡದ ಒರತೆ ಬೆರಳಿನ ದಪ್ಪಕ್ಕೆ ಇಳಿದಿರುತ್ತದೆ.

ಇನ್ನೊಂದು ವಿಷಯ. ಅತ್ತೆಗೆ ಬೆರಳಿನ ಗಂಟುಗಳಲ್ಲಿ ನೋವು. ತಿರುಗಿಸುವ ನಲ್ಲಿ ಅವರಿಗೆ ಆಗುವುದಿಲ್ಲ. ಅವರಿಗೋಸ್ಕರವೇ ಇದನ್ನು ಹಾಕಿಸಿದ್ದು. ಕೈಹಿಂಬದಿಯಲ್ಲಿ ತಳ್ಳಿದರೂ ಸಾಕು, ಮುಚ್ಚುತ್ತದೆ. ಈಗ ಅವರು ಹನಿ ನಿಲ್ಲಲಿ ಅಂತ ಜೋರಾಗಿ ಒತ್ತಿ ಒತ್ತಿ ಕೈ ನೋವು ಮಾಡಿಕೊಳ್ಳುತ್ತಿದ್ದಾರೆ.

ಪ್ಲಂಬರಿಗೆ ಫೋನ್ ಮಾಡಿದೆ. ಭಾಗಮಂಡಲ ಕಡೆ ರಸ್ತೆಗೆ ಹೊಳೆ ನೀರು ಬಂದಿದೆ, ಇಳಿಯುವ ತನಕ ಬರಲು ಆಗಲ್ಲ ಅಂದರು. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ನಮ್ಮ ಕೊಡಗಿನ ಮಳೆಗಾಲದ ಹಬ್ಬ. ಮನೆ ತುಂಬ ನೆಂಟರು ಬರುತ್ತಾರೆ. ನಾನೇ ಬಿಚ್ಚಬಹುದಾ? ಅಲೆನ್ ಕೀ ಸೆಟ್, ದೊಡ್ಡ ಪಾನಾ, ಇಕ್ಕಳ ಮನೆಯಲ್ಲಿವೆ. ಒಂದು ವಿಡಿಯೊ ನೋಡಿದೆ. ಅದರಲ್ಲಿ ಒಳಗೆ ಒಂದು ಗುಂಡು, ಎರಡು ಸಣ್ಣ ಸ್ಪ್ರಿಂಗ್ ಇದ್ದವು. ನಮ್ಮದರಲ್ಲೂ ಅದೇ ಇರುತ್ತದಾ?

ವಿರಾಜಪೇಟೆ_ಅಡುಗೆಮನೆ · ಜುಲೈ 26

ಬಿಚ್ಚಬಹುದು ಅಕ್ಕ, ಧೈರ್ಯವಾಗಿ ಬಿಚ್ಚಿ. ನಾನು ಹೋದ ವರ್ಷ ಬಚ್ಚಲಿನದ್ದು ನಾನೇ ಮಾಡಿದ್ದೆ. ಬಿಚ್ಚುವ ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮೂತಿಯಿಂದಲಾ, ಹ್ಯಾಂಡಲ್ ಬುಡದಿಂದಲಾ, ಸಿಂಕಿನ ಅಡಿಯಿಂದಲಾ? ನಾನು ಅದನ್ನು ನೋಡದೆ ಸುಮ್ನೆ ಕಾರ್ಟ್ರಿಡ್ಜ್ ತಂದಿದ್ದೆ. ನನ್ನದಕ್ಕೆ ಬೇಕಾಗಿದ್ದು ಒಂದು ಓ-ರಿಂಗ್, ಅಂದರೆ ರಬ್ಬರ್ ಉಂಗುರ, ಅಷ್ಟೇ.

ಪೊನ್ನಂಪೇಟೆ_ಪಾನಾ · ಜುಲೈ 26, ಮಧ್ಯಾಹ್ನ

ನಾನು ಈ ಕೆಲಸ ಮಾಡುವವನು. ಮಳೆಗಾಲದಲ್ಲಿ ಎಲ್ಲ ಮನೆಗೂ ಹೋಗಲು ಆಗುವುದಿಲ್ಲ. ಬರೆದು ಹೇಳಿದರೆ ಯಾರಿಗಾದರೂ ಉಪಯೋಗ ಆಗುತ್ತದೆ.

ಮೊದಲು ನಿಮ್ಮ ಕೊನೆಯ ಪ್ರಶ್ನೆ. ಗುಂಡು ಮತ್ತು ಸ್ಪ್ರಿಂಗ್ ಇರುವ ನಲ್ಲಿ ಅಮೆರಿಕದಲ್ಲಿ ಜಾಸ್ತಿ. ನಮ್ಮ ಅಂಗಡಿಗಳಲ್ಲಿ ಸಿಗುವುದರಲ್ಲಿ ಹೆಚ್ಚಿನವು ಸೆರಾಮಿಕ್ ತಟ್ಟೆಯ ಕಾರ್ಟ್ರಿಡ್ಜ್. ನಿಮ್ಮ ಪ್ಲಂಬರ್ ಕಾರ್ಟ್ರಿಡ್ಜ್ ಬದಲಾಯಿಸಿದ್ದಾರೆ ಅಂದರೆ ನಿಮ್ಮದೂ ಅದೇ. ಆ ವಿಡಿಯೊ ಬಿಟ್ಟುಬಿಡಿ.

ವಿರಾಜಪೇಟೆಯವರು ಹೇಳಿದ್ದು ಸರಿ. ಹ್ಯಾಂಡಲ್ ಬುಡದಲ್ಲಿ ನೀರು ಬಂದರೆ ಹೆಚ್ಚಿನ ಸಲ ಒಳಗಿನ ದೊಡ್ಡ ನಟ್ ಸಡಿಲ. ಸಿಂಕಿನ ನಲ್ಲಿಯ ಕೊಕ್ಕು ಆಚೀಚೆ ತಿರುಗುವ ಜಾಗದಲ್ಲಿ ಒಸರಿದರೆ ಅಲ್ಲಿಯ ಓ-ರಿಂಗ್ ಸವೆದಿದೆ. ಸಿಂಕಿನ ಅಡಿ ಒದ್ದೆಯಾದರೆ ಕನೆಕ್ಷನ್ ಪೈಪಿನ ವಾಷರ್ ನೋಡಬೇಕು. ಮೂತಿಯಿಂದ ಹನಿದರೆ ಮಾತ್ರ ಕಾರ್ಟ್ರಿಡ್ಜ್, ಇಲ್ಲವೇ ಅದರ ತಳದ ರಬ್ಬರ್.

ನಲ್ಲಿ ಮುಚ್ಚಿದ ಮೇಲೆ ಒಂದೆರಡು ನಿಮಿಷ ಹನಿಯುವುದು ಸೋರಿಕೆ ಅಲ್ಲ. ಕೊಕ್ಕಿನಲ್ಲಿ ಉಳಿದ ನೀರು ಇಳಿಯುತ್ತದೆ, ಅಷ್ಟೇ. ಆದರೆ ನಿಮ್ಮದು ರಾತ್ರಿಯಿಡೀ ಹನಿದಿದೆ.

ಈಗ ಒಂದು ಪರೀಕ್ಷೆ ಮಾಡಿ. ಏನನ್ನೂ ಬಿಚ್ಚುವುದು ಬೇಡ. ಸಿಂಕಿನ ಅಡಿಯಲ್ಲಿ ನೀರು ನಿಲ್ಲಿಸುವ ಎರಡು ಆ್ಯಂಗಲ್ ಕಾಕ್ ಇರುತ್ತವೆ, ಒಂದು ಬಿಸಿಗೆ, ಒಂದು ತಣ್ಣೀರಿಗೆ. ತಣ್ಣೀರಿನದನ್ನು ಮಾತ್ರ ಮುಚ್ಚಿ ಹತ್ತು ನಿಮಿಷ ನೋಡಿ. ಆಮೇಲೆ ಅದನ್ನು ತೆರೆದು ಬಿಸಿಯದನ್ನು ಮಾತ್ರ ಮುಚ್ಚಿ ಹತ್ತು ನಿಮಿಷ ನೋಡಿ. ಯಾವುದು ಮುಚ್ಚಿದಾಗ ಹನಿ ನಿಲ್ಲುತ್ತದೆ ಹೇಳಿ.

ನಾಪೋಕ್ಲು_ತೋಟದಮನೆ · ಜುಲೈ 26, ಸಂಜೆ

ನೋಡಿದೆ ಅಣ್ಣ. ನೀರು ಮೂತಿಯಿಂದಲೇ ಬರುತ್ತಿದೆ. ಬುಡ ಒಣಗಿದೆ, ಸಿಂಕಿನ ಅಡಿಯೂ ಒಣಗಿದೆ. ಅಲ್ಲಿ ಪೇಪರ್ ಹಾಸಿ ಒಂದು ಗಂಟೆ ಬಿಟ್ಟಿದ್ದೆ.

ತಣ್ಣೀರಿನ ಕಾಕ್ ಮುಚ್ಚಿದರೆ ಪೂರ್ತಿ ನಿಲ್ಲುತ್ತದೆ. ಬಿಸಿಯದನ್ನು ಮುಚ್ಚಿದರೆ ಏನೂ ವ್ಯತ್ಯಾಸ ಇಲ್ಲ. ಬಿಸಿಯ ಕಾಕ್ ತುಂಬ ಬಿಗಿ. ಬಟ್ಟೆ ಸುತ್ತಿ ಹಿಡಿದು ಆಚೀಚೆ ಆಡಿಸಿದ ಮೇಲೆ ತಿರುಗಿತು.

ಪೊನ್ನಂಪೇಟೆ_ಪಾನಾ · ಜುಲೈ 26, ಸಂಜೆ

ಹಾಗಾದರೆ ತಣ್ಣೀರಿನ ಬದಿ ಮಾತ್ರ ಕೆಟ್ಟಿದೆ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ನಿಮ್ಮ ಬಿಸಿನೀರು ಎಲ್ಲಿಂದ? ಸೌದೆ ಬಾಯ್ಲರಾ? ತಣ್ಣೀರು ನೇರವಾಗಿ ಗುಡ್ಡದ ಟ್ಯಾಂಕಿನಿಂದಲಾ? ಮೇ ತಿಂಗಳಲ್ಲಿ ಮೊದಲ ಸಲ ಸೋರುವ ಮುಂಚೆ ಲೈನಿನಲ್ಲಿ ಏನಾದರೂ ಕೆಲಸ ನಡೆದಿತ್ತಾ?

ಮೂರ್ನಾಡು_ಹಳೇಮನೆ · ಜುಲೈ 26, ರಾತ್ರಿ

ನನ್ನ ಅಭಿಪ್ರಾಯ ಬೇರೆ. ಇದನ್ನು ಕಿತ್ತು ಹಿತ್ತಾಳೆಯ ಹಳೇ ತರದ ನಲ್ಲಿ ಎರಡು ಹಾಕಿಸಿ. ನಮ್ಮ ಐನ್‌ಮನೆಯ, ಅಂದರೆ ಮನೆತನದ ಹಳೇ ಮನೆಯ, ಬಚ್ಚಲಿನಲ್ಲಿ ನಾನು ಹುಡುಗನಾಗಿದ್ದಾಗ ಇದ್ದ ನಲ್ಲಿಯೇ ಈಗಲೂ ಇದೆ. ವರ್ಷಕ್ಕೊಮ್ಮೆ ವಾಷರ್ ಬದಲಾಯಿಸಿದರೆ ಆಯಿತು. ಆ ವಾಷರ್ ಯಾವ ಸಂತೆಯಲ್ಲೂ ಸಿಗುತ್ತದೆ. ಮಳೆಗಾಲದಲ್ಲಿ ಊರಿಂದ ಊರಿಗೆ ಹೋಗಲು ಆಗದ ಜಾಗದಲ್ಲಿ ನಾವಿದ್ದೇವೆ. ಬಿಡಿಭಾಗಕ್ಕೆ ಮಡಿಕೇರಿಗೋ ಮೈಸೂರಿಗೋ ಓಡಬೇಕಾದ ವಸ್ತು ನಮಗೆ ಯಾಕೆ?

ವಿರಾಜಪೇಟೆ_ಅಡುಗೆಮನೆ · ಜುಲೈ 26, ರಾತ್ರಿ

ಮೂರ್ನಾಡಿನ ಅಣ್ಣ, ಬಿಡಿಭಾಗದ ಮಾತು ನಿಜ. ಆದರೆ ಅವರ ಅತ್ತೆಯ ಕೈ ನೋಡಿ. ವಾಷರ್ ಇರುವ ನಲ್ಲಿ ಸವೆಯುತ್ತಾ ಹೋದ ಹಾಗೆ ಹೆಚ್ಚು ಹೆಚ್ಚು ಬಿಗಿಯಾಗಿ ತಿರುಗಿಸಬೇಕು. ನಮ್ಮ ಅಮ್ಮ ಕೊನೆಕೊನೆಗೆ ನಲ್ಲಿ ಮುಚ್ಚಲು ನನ್ನನ್ನು ಕರೆಯುತ್ತಿದ್ದರು. ಒಂದು ಲೋಟ ನೀರು ಹಿಡಿಯಲು ಇನ್ನೊಬ್ಬರನ್ನು ಕರೆಯುವ ಹಾಗಾದಾಗ ಅವರ ಮುಖ ಹೇಗಾಗುತ್ತಿತ್ತು ಅಂತ ನನಗೆ ಈಗಲೂ ನೆನಪಿದೆ. ಈ ಅಕ್ಕ ತಮ್ಮ ಅತ್ತೆಗೆ ಒಳ್ಳೆಯ ನಲ್ಲಿಯನ್ನೇ ಹಾಕಿಸಿದ್ದಾರೆ. ಅದನ್ನು ಸರಿ ಮಾಡಿಕೊಡೋಣ.

ಮೂರ್ನಾಡು_ಹಳೇಮನೆ · ಜುಲೈ 27

ಅತ್ತೆಯವರ ಕೈಯ ವಿಷಯ ನಾನು ಸರಿಯಾಗಿ ಓದಿರಲಿಲ್ಲ. ಒಪ್ಪಿದೆ. ಹಾಗಿದ್ದರೆ ಒಂದು ಕಾರ್ಟ್ರಿಡ್ಜ್ ಜಾಸ್ತಿ ತಂದು ಮನೆಯಲ್ಲಿ ಇಟ್ಟಿರಿ ಅಂತ ಮಾತ್ರ ಹೇಳುತ್ತೇನೆ.

ಸೋಮವಾರಪೇಟೆ_ಮೇಷ್ಟ್ರು · ಜುಲೈ 27

ಒಳಗೆ ಏನಿದೆ ಅಂತ ಗೊತ್ತಿದ್ದರೆ ಬಿಚ್ಚುವಾಗ ಹೆದರಿಕೆ ಇರುವುದಿಲ್ಲ. ಸ್ವಲ್ಪ ಹೇಳುತ್ತೇನೆ.

ಕಾರ್ಟ್ರಿಡ್ಜ್ ಒಂದು ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಎರಡು ಸೆರಾಮಿಕ್ ತಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಳಗಿನದು ಅಲುಗುವುದಿಲ್ಲ. ಅದರಲ್ಲಿ ಮೂರು ದಾರಿ: ಬಿಸಿ ಬರಲು, ತಣ್ಣೀರು ಬರಲು, ಬೆರೆತ ನೀರು ಹೋಗಲು. ಮೇಲಿನ ತಟ್ಟೆ ಹ್ಯಾಂಡಲ್ ಜೊತೆ ಜಾರುತ್ತದೆ. ಅದರ ಅಡಿಯಲ್ಲಿ ಒಂದು ಗುಳಿ ಇರುತ್ತದೆ. ಆ ಗುಳಿ ಯಾವ ದಾರಿಯ ಮೇಲೆ ಎಷ್ಟು ಬರುತ್ತದೋ ಆ ನೀರು ಅಷ್ಟು ಬರುತ್ತದೆ. ಎರಡು ತಟ್ಟೆಗಳೂ ಕನ್ನಡಿಯ ಹಾಗೆ ನಯ. ಮುಚ್ಚಿದಾಗ ಅವುಗಳ ನಡುವೆ ನೀರು ನುಸುಳಲು ಜಾಗವೇ ಇರುವುದಿಲ್ಲ. ಅದಕ್ಕೇ ಇದನ್ನು ಒತ್ತಿ ಮುಚ್ಚುವ ಅಗತ್ಯ ಇಲ್ಲ. ಅತ್ತೆಯವರಿಗೆ ದಯವಿಟ್ಟು ಹೇಳಿ, ಜೋರು ಹಾಕಿದರೆ ಹನಿ ನಿಲ್ಲುವುದಿಲ್ಲ.

ಈ ತಟ್ಟೆ ಮಾಡುವುದು ಅಲ್ಯುಮಿನಾದಿಂದ. ಮಾಣಿಕ್ಯ, ಇಂದ್ರನೀಲ ಕೂಡ ಅದೇ ವಸ್ತುವಿನ ಹರಳುಗಳು. ಗಟ್ಟಿತನದ ಮೋಸ್ ಅಳತೆಯಲ್ಲಿ ಆ ಹರಳು 9, ನಮ್ಮ ತೋಡಿನ ಬಿಳಿ ಮರಳು 7. ಮರಳು ಈ ತಟ್ಟೆಯನ್ನು ಸುಲಭವಾಗಿ ಗೀರಲಾರದು. ಆದರೆ ತಟ್ಟೆಯ ಕೆಳಗೆ ರಬ್ಬರ್ ಇದೆ. ಮರಳು ರಬ್ಬರನ್ನು ಕಚ್ಚುತ್ತದೆ. ಎರಡು ತಟ್ಟೆಗಳ ನಡುವೆ ಒಂದು ಕಣ ಕೂತರೂ ಅವು ಸರಿಯಾಗಿ ಕೂಡುವುದಿಲ್ಲ.

ಒಂದೇ ಹ್ಯಾಂಡಲಿನ ನಲ್ಲಿ ಹುಟ್ಟಿದ ಕಥೆಯನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಅಮೆರಿಕದ ಆಲ್ ಮೋಯೆನ್ ಅನ್ನುವ ವಿದ್ಯಾರ್ಥಿ 1937ರಲ್ಲಿ ಕೈ ತೊಳೆಯಲು ಹೋಗಿ, ಎರಡು ಹಿಡಿಯ ನಲ್ಲಿಯಿಂದ ಬಂದ ಬಿಸಿನೀರಿಗೆ ಕೈ ಸುಟ್ಟುಕೊಂಡ. ಒಂದೇ ಹಿಡಿಯಲ್ಲಿ ಎರಡೂ ನೀರು ಬೆರೆಯುವ ಹಾಗೆ ಮಾಡಬೇಕು ಅಂತ ಹಟ ಹಿಡಿದ. ನಡುವೆ ಯುದ್ಧ ಬಂತು. ಅವನ ನಲ್ಲಿ ಮಾರುಕಟ್ಟೆಗೆ ಬಂದಿದ್ದು 1947ರಲ್ಲಿ. ಹತ್ತು ವರ್ಷ! ಮಕ್ಕಳಿಗೆ ಆ ಹತ್ತು ವರ್ಷದ ಮಾತು ತುಂಬ ಇಷ್ಟವಾಗುತ್ತಿತ್ತು.

ಇನ್ನು ನಿಮ್ಮ ಪಾತ್ರೆಯ ಲೆಕ್ಕ. 8 ಗಂಟೆಗೆ ಒಂದೂವರೆ ಲೀಟರ್ ಅಂದರೆ ದಿನಕ್ಕೆ ನಾಲ್ಕೂವರೆ. ವರ್ಷಕ್ಕೆ 1,600 ಲೀಟರ್ ದಾಟುತ್ತದೆ. ನೀವು ಅಳೆದು ನೋಡಿದ್ದು ತುಂಬ ಒಳ್ಳೆಯದಾಯಿತು.

ನಾಪೋಕ್ಲು_ತೋಟದಮನೆ · ಜುಲೈ 27

ಮೇಷ್ಟ್ರೇ, ಅತ್ತೆಗೆ ಓದಿ ಹೇಳಿದೆ. ಮಾಣಿಕ್ಯದ ಮಾತು ಕೇಳಿ ಇನ್ನೊಮ್ಮೆ ಓದು ಅಂದರು.

ಪೊನ್ನಂಪೇಟೆ ಅಣ್ಣ, ನೀವು ಕೇಳಿದ್ದಕ್ಕೆ ಉತ್ತರ. ಬಿಸಿನೀರು ಸೌದೆ ಬಾಯ್ಲರಿನಿಂದ. ತಣ್ಣೀರು ನೇರ ಗುಡ್ಡದ ಸಿಮೆಂಟ್ ಟ್ಯಾಂಕಿನಿಂದ. ಟ್ಯಾಂಕ್ ಮನೆಗಿಂತ ಸುಮಾರು 80 ಅಡಿ ಮೇಲಿದೆ. ಬಾಯ್ಲರಿಗೂ ಅದೇ ಟ್ಯಾಂಕಿನ ನೀರು.

ಲೈನಿನ ಕೆಲಸ ಅಂದಾಗ ನೆನಪಾಯಿತು. ಮೇ ಎರಡನೇ ವಾರ ಹಲಸಿನ ಹಣ್ಣಿಗೆ ಆನೆ ಬಂದು ತೋಟದಲ್ಲಿ ಪೈಪ್ ತುಳಿದಿತ್ತು. ಎರಡು ಕಡೆ ಒಡೆದಿತ್ತು. ಮನೆಯವರು ಮತ್ತು ಕೆಲಸದವರು ಸೇರಿ ತುಂಡು ಕತ್ತರಿಸಿ ಹೊಸದು ಜೋಡಿಸಿದರು. ಮರುದಿನದಿಂದ ನೀರು ಬಂತು. ಸೋರಲು ಶುರುವಾಗಿದ್ದು ಅದಾಗಿ ಒಂದು ವಾರಕ್ಕೆ.

ಪೊನ್ನಂಪೇಟೆ_ಪಾನಾ · ಜುಲೈ 27, ಸಂಜೆ

ಸಿಕ್ಕಿತು ಅಕ್ಕ. ಪೈಪ್ ಒಡೆದಾಗ ಮಣ್ಣು, ಮರಳು ಒಳಗೆ ಹೋಗಿದೆ. ಜೋಡಿಸಿದ ಮೇಲೆ ಲೈನ್ ತೊಳೆದಿಲ್ಲ. ಆ ಮಣ್ಣು ನಿಧಾನವಾಗಿ ಇಳಿದು ನಲ್ಲಿಗೆ ಬಂದಿದೆ. ಬಿಸಿಯ ಬದಿ ಯಾಕೆ ಚೆನ್ನಾಗಿದೆ ಗೊತ್ತಾ? ಅಲ್ಲಿ ನೀರು ಬಾಯ್ಲರ್ ದಾಟಿ ಬರುತ್ತದೆ. ಮರಳು ಬಾಯ್ಲರಿನ ತಳದಲ್ಲೇ ಕೂತುಬಿಡುತ್ತದೆ. ತಣ್ಣೀರಿಗೆ ನಡುವೆ ತಡೆಯೇ ಇಲ್ಲ.

ಹೊಸ ಕಾರ್ಟ್ರಿಡ್ಜ್ ಹಾಕಿದರೂ ಅದೇ ಮರಳು ಅದಕ್ಕೂ ಹೋಗುತ್ತದೆ. ಮೇ ತಿಂಗಳಲ್ಲಿ ಆಗಿದ್ದು ಅದೇ ಇರಬೇಕು. ಕೆಟ್ಟ ಕಾರ್ಟ್ರಿಡ್ಜ್ ಸಿಕ್ಕಿತು ಅಂತ ಎಷ್ಟೋ ಜನ ಕಂಪನಿಯನ್ನು ಬೈಯುತ್ತಾರೆ. ನಾನು ಬಿಚ್ಚಿ ನೋಡಿದವುಗಳಲ್ಲಿ ಹೆಚ್ಚಿನದಕ್ಕೆ ಕಾರಣ ನೀರಿನಲ್ಲಿ ಬಂದ ಕಸ. ಹಾಗಾಗಿ ಈ ಸಲ ಬಿಚ್ಚಿದಾಗ ಮುಖ್ಯ ಕೆಲಸ ಲೈನ್ ತೊಳೆಯುವುದು. ಬದಲಾಯಿಸುವುದು ಆಮೇಲೆ.

80 ಅಡಿ ಅಂದಿರಿ. ಪ್ರತಿ 33 ಅಡಿಗೆ ಸುಮಾರು 1 ಬಾರ್ ಒತ್ತಡ. ನಿಮ್ಮದು ಎರಡೂವರೆ ಬಾರ್ ಹತ್ತಿರ. ನಲ್ಲಿಗೆ ಅದು ಜಾಸ್ತಿ ಅಲ್ಲ. ಆದರೆ ನೀರು ಕಟ್ಟದೆ ಬಿಚ್ಚಿದರೆ ಚಾವಣಿಗೆ ಹಾರುತ್ತದೆ, ನೆನಪಿರಲಿ.

ಭಾಗಮಂಡಲ_ಮಳೆಮನೆ · ಜುಲೈ 27, ರಾತ್ರಿ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ಇದು ಮುಖ್ಯ. ಸೌದೆ ಬಾಯ್ಲರ್ ಇರುವ ಮನೆಯಲ್ಲಿ ಟ್ಯಾಂಕಿನ ಹತ್ತಿರದ ಗೇಟ್ ವಾಲ್ವ್ ಮುಚ್ಚಿದರೆ ಬಾಯ್ಲರಿಗೆ ಹೋಗುವ ನೀರೂ ನಿಲ್ಲುತ್ತದೆ. ಒಳಗೆ ಬೆಂಕಿ ಉರಿಯುವಾಗ ಹಾಗೆ ಮಾಡಬಾರದು. ಮಳೆಗಾಲದಲ್ಲಿ ನಮ್ಮಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಬೆಂಕಿ ಆರುವುದೇ ಇಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಗೇಟ್ ವಾಲ್ವ್ ಮುಚ್ಚಲೇಬೇಕಾದರೆ ಹಿಂದಿನ ರಾತ್ರಿಯೇ ಕೆಂಡ ತೆಗೆದು ತಣ್ಣಗಾಗಲು ಬಿಡಿ. ಮೇಲಕ್ಕೆ ಹೋಗುವ ಗಾಳಿ ಪೈಪನ್ನು ಯಾವ ಕಾರಣಕ್ಕೂ ಮುಚ್ಚಬೇಡಿ.

ಪೊನ್ನಂಪೇಟೆ_ಪಾನಾ · ಜುಲೈ 28, ಬೆಳಿಗ್ಗೆ

ಭಾಗಮಂಡಲದವರಿಗೆ ಧನ್ಯವಾದ. ನಾನೇ ಹೇಳಬೇಕಿತ್ತು. ನಿಮ್ಮ ಆ್ಯಂಗಲ್ ಕಾಕ್ ಎರಡೂ ಕೆಲಸ ಮಾಡುವುದರಿಂದ ಟ್ಯಾಂಕಿನ ತನಕ ಹೋಗಬೇಕಾಗಿಲ್ಲ ಅಕ್ಕ. ಆದರೂ ಬಾಯ್ಲರ್ ತಣ್ಣಗಿರುವಾಗಲೇ ಮಾಡಿ. ಬಿಸಿಯ ಬದಿ ತೊಳೆಯುವಾಗ ಕೈ ಸುಡಬಾರದು.

ಈಗ ಬಿಚ್ಚುವ ಕ್ರಮ. ಎರಡೂ ಕಾಕ್ ಮುಚ್ಚಿ. ಹ್ಯಾಂಡಲ್ ಮೇಲಕ್ಕೆತ್ತಿ ಎಡಕ್ಕೂ ಬಲಕ್ಕೂ ಆಡಿಸಿ ಉಳಿದ ನೀರು ಇಳಿಸಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ. ಅಲೆನ್ ಸ್ಕ್ರೂ ಅಕ್ಕಿಕಾಳಿನಷ್ಟು ಇರುತ್ತದೆ, ಅದು ಒಳಗೆ ಬಿದ್ದರೆ ದಿನವೇ ಹೋಯಿತು.

ಹ್ಯಾಂಡಲ್ ಮೇಲೆ ಕೆಂಪು ನೀಲಿ ಬೊಟ್ಟು ಇದೆಯಲ್ಲ, ಅದನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಎಬ್ಬಿಸಿ. ಒಳಗೆ ಸ್ಕ್ರೂ ಕಾಣುತ್ತದೆ. ಹೆಚ್ಚಾಗಿ ಎರಡೂವರೆ ಮಿಲಿಮೀಟರಿನ ಅಲೆನ್ ಕೀ ಹೊಂದುತ್ತದೆ. ಸ್ಕ್ರೂ ಪೂರ್ತಿ ತೆಗೆಯಬೇಕಾಗಿಲ್ಲ, ಸಡಿಲ ಮಾಡಿದರೆ ಹ್ಯಾಂಡಲ್ ಮೇಲಕ್ಕೆ ಬರುತ್ತದೆ. ಬರದಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಐದು ನಿಮಿಷ ಬಿಟ್ಟು ಆಚೀಚೆ ಆಡಿಸಿ ಎಳೆಯಿರಿ.

ಅದರ ಕೆಳಗೆ ಹೊಳೆಯುವ ಗುಮ್ಮಟದ ಹಾಗಿರುವ ಮುಚ್ಚಳ. ಕೈಯಲ್ಲೇ ತಿರುಗುತ್ತದೆ. ಇಕ್ಕಳ ಹಾಕುವುದಾದರೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಪಾಲಿಶ್ ಎದ್ದು ಬರುತ್ತದೆ. ಆಮೇಲೆ ಕಾಣುವುದು ದೊಡ್ಡ ನಟ್. ಇದಕ್ಕೆ ಪಾನಾ ಬೇಕು. ಒಂದು ಕೈಯಲ್ಲಿ ನಲ್ಲಿಯ ಮೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಇಲ್ಲದಿದ್ದರೆ ನಲ್ಲಿಯೇ ತಿರುಗಿ ಅಡಿಯ ಪೈಪ್ ತಿರುಚಿಕೊಳ್ಳುತ್ತದೆ. ಇದರಲ್ಲಿ ಆತುರ ಬೇಡ.

ನಟ್ ಬಂದ ಮೇಲೆ ಕಾರ್ಟ್ರಿಡ್ಜ್ ನೇರವಾಗಿ ಮೇಲಕ್ಕೆ ಎಳೆಯಿರಿ. ಎಳೆಯುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಅದರ ತಳದಲ್ಲಿ ಎರಡು ಸಣ್ಣ ಮೊಳೆ ಇರುತ್ತವೆ, ನಲ್ಲಿಯ ಒಳಗೆ ಅವಕ್ಕೆ ಎರಡು ಗುಳಿ. ಹಾಕುವಾಗ ಅದರಲ್ಲೇ ಕೂರಬೇಕು. ತಳದ ರಬ್ಬರ್ ಉಂಗುರಗಳನ್ನು ಬೆಳಕಿಗೆ ಹಿಡಿದು ನೋಡಿ ಹೇಳಿ.

ಚೆಟ್ಟಳ್ಳಿ_ಕಾಫಿ · ಜುಲೈ 28

ಒಂದು ಸಂದೇಹ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಜಾಸ್ತಿ. ನಲ್ಲಿಯೊಳಗೆ ಕೆಂಪು ಪೊರೆ ಕಟ್ಟುತ್ತದೆ. ಅದನ್ನು ಕಾಚಂಪುಳಿಯಿಂದ ತೆಗೆಯಬಹುದಾ? ಹುಳಿ ಅಂದರೆ ನಮಗೆ ಅದೇ ನೆನಪಿಗೆ ಬರುವುದು.

ವಿರಾಜಪೇಟೆ_ಅಡುಗೆಮನೆ · ಜುಲೈ 28

ಕಾಚಂಪುಳಿ ಪಂದಿಕರಿಗೆ ಇರಲಿ. ಅಷ್ಟು ಪಣಪುಳಿ ಹಣ್ಣು ಕೊಳೆಸಿ, ರಸ ಇಳಿಸಿ, ಗಂಟೆಗಟ್ಟಲೆ ಕುದಿಸಿ ಮಾಡಿದ್ದನ್ನು ನಲ್ಲಿಗೆ ಸುರಿಯಬೇಡಿ. ಮೇಲಾಗಿ ಅದು ಕಪ್ಪಗೆ, ಅಂಟಂಟು. ನಿಂಬೆಹಣ್ಣಿನ ರಸ ಅಥವಾ ಬಿಳಿ ವಿನೆಗರ್ ಬಟ್ಟೆಗೆ ಹಾಕಿ ಒರೆಸಿ, ಆಮೇಲೆ ಚೆನ್ನಾಗಿ ತೊಳೆಯಿರಿ.

ಪೊನ್ನಂಪೇಟೆ_ಪಾನಾ · ಜುಲೈ 28

ಹೌದು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಬೇಡವೇ ಬೇಡ. ಕ್ರೋಮ್ ಪಾಲಿಶ್ ಹಾಳಾಗುತ್ತದೆ, ಹಿತ್ತಾಳೆಯನ್ನೂ ತಿನ್ನುತ್ತದೆ. ಹಾಗೇ ರಬ್ಬರಿಗೆ ವ್ಯಾಸಲಿನ್, ತೆಂಗಿನೆಣ್ಣೆ ಹಚ್ಚಬೇಡಿ. ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕಾನ್ ಗ್ರೀಸ್ ಇದ್ದರೆ ಒಂದು ಸಾಸಿವೆಯಷ್ಟು ಸವರಿ. ಇಲ್ಲದಿದ್ದರೆ ಬರೀ ನೀರು ಸಾಕು.

ನಾಪೋಕ್ಲು_ತೋಟದಮನೆ · ಜುಲೈ 29, ಮಧ್ಯಾಹ್ನ

ಬಿಚ್ಚಿದೆ!

ಕೆಂಪು ನೀಲಿ ಬೊಟ್ಟು ಸುಲಭವಾಗಿ ಬಂತು. ಸ್ಕ್ರೂಗೆ ಎರಡೂವರೆ ಮಿಲಿಮೀಟರಿನ ಕೀ ಹೊಂದಿತು. ಮುಚ್ಚಳ ಕೈಗೆ ಬರಲಿಲ್ಲ, ಬಿಸಿ ಬಟ್ಟೆ ಸುತ್ತಿದ ಮೇಲೆ ಬಂತು. ನಟ್ ಬಿಚ್ಚುವಾಗ ಮಗಳು ನಲ್ಲಿ ಹಿಡಿದುಕೊಂಡಳು. ಕರೆಂಟ್ ಇರಲಿಲ್ಲ, ಅತ್ತೆ ಟಾರ್ಚ್ ಹಿಡಿದರು.

ಕಾರ್ಟ್ರಿಡ್ಜ್ ತಿರುಗಿಸಿ ನೋಡಿದರೆ ತಳದಲ್ಲಿ ಮೂರು ಕಪ್ಪು ರಬ್ಬರ್ ಉಂಗುರ. ಎರಡು ಚೆನ್ನಾಗಿವೆ. ತಣ್ಣೀರಿನ ತೂತಿನ ಉಂಗುರದಲ್ಲಿ ಒಂದು ಕಲ್ಲಿನ ಹರಳು ಕಚ್ಚಿಕೊಂಡಿತ್ತು, ರಾಗಿಕಾಳಿನಷ್ಟು. ಉಗುರಿನಿಂದ ತೆಗೆದರೆ ಅಲ್ಲಿ ರಬ್ಬರ್ ಸೀಳಿದೆ. ನಲ್ಲಿಯ ಗುಳಿಯಲ್ಲೂ ಕೆಂಪು ಮಣ್ಣಿನ ಕೆಸರು. ಬೆರಳು ಹಾಕಿದರೆ ಗರಗರ ಅನ್ನುತ್ತದೆ. ಮೂತಿಯ ಜಾಲರಿ ತಿರುಗಿಸಿ ತೆಗೆದೆ. ಅದರಲ್ಲೂ ಒಂದು ಚಿಟಿಕೆ ಮರಳು.

ನೀವೆಲ್ಲ ಹೇಳಿದ್ದು ಕಣ್ಣೆದುರಿಗೇ ಇತ್ತು. ಎಷ್ಟು ಸಣ್ಣ ಹರಳು! ಒಂದು ಪೊಟ್ಟಣದಲ್ಲಿ ಕಟ್ಟಿ ಇಟ್ಟಿದ್ದೇನೆ.

ಈಗ ಉಂಗುರ ಮಾತ್ರ ಬದಲಾಯಿಸಲಾ, ಇಡೀ ಕಾರ್ಟ್ರಿಡ್ಜ್ ತರಲಾ?

ಕುಶಾಲನಗರ_ಹಾರ್ಡ್‌ವೇರ್ · ಜುಲೈ 29

ಆ ಉಂಗುರ ಬಿಡಿಯಾಗಿ ಸಿಗುವುದು ಕಷ್ಟ ಅಕ್ಕ. ಸಾಮಾನ್ಯ ಓ-ರಿಂಗ್ ಅಲ್ಲಿ ಕೂರುವುದಿಲ್ಲ, ಅದರ ಆಕಾರವೇ ಬೇರೆ. ಕಾರ್ಟ್ರಿಡ್ಜ್ ತನ್ನಿ.

ಅಂಗಡಿಯಲ್ಲಿ ಕೂರುವವನಾಗಿ ಒಂದು ಮಾತು ಹೇಳುತ್ತೇನೆ. ದಿನಕ್ಕೆ ಒಬ್ಬರಾದರೂ ಫೋನಿನಲ್ಲಿ ಫೋಟೊ ತೋರಿಸಿ ಇದೇ ಕೊಡಿ ಅನ್ನುತ್ತಾರೆ. ಫೋಟೊದಲ್ಲಿ ಎಲ್ಲ ಒಂದೇ ತರ ಕಾಣುತ್ತವೆ. ಜಾಸ್ತಿ ಓಡುವುದು 35 ಮತ್ತು 40 ಮಿಲಿಮೀಟರ್ ಅಗಲದವು. ಅಗಲ ಒಂದೇ ಆದರೂ ಎತ್ತರ ಬೇರೆ ಇರಬಹುದು. ಹ್ಯಾಂಡಲ್ ಕೂರುವ ಕಡ್ಡಿಯ ದಪ್ಪ, ತಳದ ಮೊಳೆಯ ಜಾಗ ಬೇರೆ ಇರಬಹುದು. ಹಳೆಯದನ್ನು ಒರೆಸಿ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿ ನೋಡಿ, ತಳ ತಿರುಗಿಸಿ ನೋಡಿ. ಹೊಂದಿದರೆ ಮಾತ್ರ ದುಡ್ಡು ಕೊಡಿ. ನಲ್ಲಿಯ ಕಂಪನಿಯದೇ ಸಿಕ್ಕಿದರೆ ಅದನ್ನೇ ತೆಗೆದುಕೊಳ್ಳಿ.

ಪೊನ್ನಂಪೇಟೆ_ಪಾನಾ · ಜುಲೈ 29, ಸಂಜೆ

ಅಂಗಡಿಗೆ ಹೋಗುವ ಮೊದಲೇ ಲೈನ್ ತೊಳೆದುಬಿಡಿ. ಕಾರ್ಟ್ರಿಡ್ಜ್ ಇಲ್ಲದ ನಲ್ಲಿಯ ಬಾಯಿಗೆ ದಪ್ಪ ಟವೆಲ್ ಮುಚ್ಚಿ, ಮೇಲೆ ಒಂದು ಚೆಂಬು ಬೋರಲು ಹಿಡಿದುಕೊಳ್ಳಿ. ಇನ್ನೊಬ್ಬರು ತಣ್ಣೀರಿನ ಕಾಕ್ ಕಾಲು ಸುತ್ತು ತೆರೆದು ಎರಡು ಮೂರು ಸೆಕೆಂಡಿಗೆ ಮುಚ್ಚಲಿ. ಮೂರು ನಾಲ್ಕು ಸಲ ಹೀಗೆ ಮಾಡಿ.

ಆದರೆ ಅಷ್ಟರಲ್ಲಿ ತೊಳೆಯುವುದು ಆ ಸಣ್ಣ ಪೈಪ್ ಮಾತ್ರ. ದೊಡ್ಡ ಲೈನಿಗೆ ಇನ್ನೊಂದು ಉಪಾಯ. ಕಾಕ್ ಮುಚ್ಚಿ, ಅದರಿಂದ ಕನೆಕ್ಷನ್ ಪೈಪ್ ಬಿಚ್ಚಿ, ಕಾಕಿನ ಬಾಯಿಗೆ ಉದ್ದದ ಹೋಸ್ ಸಿಕ್ಕಿಸಿ ಹೊರಗೆ ಬಿಡಿ. ಜೋರಾಗಿ ಹತ್ತು ನಿಮಿಷ ಹರಿಸಿ. ಈಗ ನೀರಿಗೆ ಬರ ಇಲ್ಲ, ಇದನ್ನು ಮಾಡಲು ಮಳೆಗಾಲವೇ ಸರಿ.

ಹಾಕುವಾಗ ಮೊಳೆ ಗುಳಿಯಲ್ಲಿ ಕೂತಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ಅಲುಗಬಾರದು. ನಟ್ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನಾದಲ್ಲಿ ಕಾಲು ಸುತ್ತು. ಅತಿಯಾಗಿ ಬಿಗಿದರೆ ಹ್ಯಾಂಡಲ್ ಜಡವಾಗುತ್ತದೆ, ಅತ್ತೆಯವರಿಗೆ ಮತ್ತೆ ಕಷ್ಟ. ಮೂತಿಯ ಜಾಲರಿ ಹಾಕದೆ, ಹ್ಯಾಂಡಲ್ ಎತ್ತಿಟ್ಟು, ಕಾಕ್ ನಿಧಾನವಾಗಿ ತೆರೆಯಿರಿ. ನೀರು ತಿಳಿಯಾದ ಮೇಲೆ ಮುಚ್ಚಿ ಜಾಲರಿ ಹಾಕಿ.

ಸಿದ್ದಾಪುರ_ಹೋಂಸ್ಟೇ · ಜುಲೈ 30

ಇದೇ ಮಾತಿಗೆ ಸೇರಿದ್ದು ಅಂತ ಕೇಳುತ್ತೇನೆ. ನಮ್ಮಲ್ಲಿ ತಣ್ಣೀರು ಗುಡ್ಡದ ಟ್ಯಾಂಕಿನಿಂದ, ಬಿಸಿ ಬಾಯ್ಲರಿನಿಂದ. ಬಾಯ್ಲರಿಗೆ ಬೇರೆ ಸಣ್ಣ ಟ್ಯಾಂಕ್ ಇದೆ, ಮಹಡಿ ಮೇಲೆ. ಅತಿಥಿಗಳು ಹ್ಯಾಂಡಲ್ ನಡುವೆ ಇಟ್ಟಾಗ ಬಿಸಿ ಬರುವುದೇ ಇಲ್ಲ. ಕೆಲವೊಮ್ಮೆ ಬಾಯ್ಲರಿನ ಗಾಳಿ ಪೈಪಿನಿಂದ ನೀರು ಸುರಿಯುತ್ತದೆ. ನಲ್ಲಿ ಕೆಟ್ಟಿದೆಯಾ?

ಪೊನ್ನಂಪೇಟೆ_ಪಾನಾ · ಜುಲೈ 30

ನಲ್ಲಿ ಚೆನ್ನಾಗಿದೆ. ಗುಡ್ಡದ ನೀರಿಗೆ ಒತ್ತಡ ಜಾಸ್ತಿ, ಮಹಡಿ ಟ್ಯಾಂಕಿನದಕ್ಕೆ ಕಡಿಮೆ. ನಡುವೆ ಇಟ್ಟಾಗ ತಣ್ಣೀರು ಬಿಸಿಯ ಪೈಪಿಗೆ ನುಗ್ಗಿ ಬಾಯ್ಲರ್ ತುಂಬಿಸುತ್ತದೆ. ಎರಡಕ್ಕೂ ಒಂದೇ ಟ್ಯಾಂಕಿನಿಂದ ನೀರು ಕೊಟ್ಟರೆ ಸರಿಹೋಗುತ್ತದೆ. ಆದರೆ ನಿಮ್ಮ ಬಾಯ್ಲರ್ ಗುಡ್ಡದ ಒತ್ತಡ ತಡೆಯುವಂಥದ್ದಾ ನೋಡಿ. ಇಲ್ಲದಿದ್ದರೆ ಕೋಣೆಗಳ ತಣ್ಣೀರನ್ನೂ ಮಹಡಿ ಟ್ಯಾಂಕಿನಿಂದಲೇ ಕೊಡಿ. ಬಿಸಿಯ ಲೈನಿಗೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿದರೆ ನೀರು ಹಿಂದಕ್ಕೆ ಹೋಗುವುದು ನಿಲ್ಲುತ್ತದೆ. ಅದರಿಂದ ಬಿಸಿಯ ಒತ್ತಡ ಮಾತ್ರ ಹೆಚ್ಚಾಗುವುದಿಲ್ಲ.

ಸೋಮವಾರಪೇಟೆ_ಮೇಷ್ಟ್ರು · ಜುಲೈ 30

ನಾಪೋಕ್ಲು ಅಮ್ಮ, ನಿಮ್ಮ ಟ್ಯಾಂಕಿನ ಪೈಪ್ ತಳಕ್ಕೆ ತಾಗಿಯೇ ಹೊರಡುತ್ತದಾ, ಸ್ವಲ್ಪ ಮೇಲಿನಿಂದಲಾ? ತಳದಿಂದಲೇ ಆದರೆ ಒರತೆಯ ಹೂಳು ಪ್ರತಿ ಮಳೆಗಾಲ ನೇರ ಪೈಪಿಗೆ ಇಳಿಯುತ್ತದೆ. ಟ್ಯಾಂಕಿನ ಒಳಗೆ ಆ ಪೈಪಿನ ಬಾಯಿಗೆ ನಾಲ್ಕು ಇಂಚು ಎತ್ತರದ ಪೈಪ್ ತುಂಡು ನಿಲ್ಲಿಸಿದರೆ ಹೂಳು ಕೆಳಗೆ ಉಳಿಯುತ್ತದೆ. ಮನೆಗೆ ಬರುವ ಲೈನಿನಲ್ಲಿ ಒಂದು ವೈ-ಸ್ಟ್ರೈನರ್ ಹಾಕಿಸಿ. ಒಳಗೆ ಸ್ಟೀಲಿನ ಜಾಲರಿ ಇರುತ್ತದೆ, ಬಿಚ್ಚಿ ತೊಳೆಯಬಹುದು. ಮುಂದಿನ ಸಲ ಆನೆ ಪೈಪ್ ತುಳಿದರೂ ಮರಳು ಅಲ್ಲೇ ನಿಲ್ಲುತ್ತದೆ.

ನಾಪೋಕ್ಲು_ತೋಟದಮನೆ · ಆಗಸ್ಟ್ 3, ರಾತ್ರಿ

ಎಲ್ಲರಿಗೂ ಮೊದಲು ಧನ್ಯವಾದ. ಬರೆಯಲು ತಡವಾಯಿತು, ಮನೆ ತುಂಬ ಜನ.

31ಕ್ಕೆ ಮಳೆ ಸ್ವಲ್ಪ ಬಿಟ್ಟಿತು. ಮನೆಯವರು ಹಳೇ ಕಾರ್ಟ್ರಿಡ್ಜ್ ಜೇಬಿನಲ್ಲಿಟ್ಟುಕೊಂಡು ಮಡಿಕೇರಿಗೆ ಹೋದರು. ಮೊದಲ ಅಂಗಡಿಯಲ್ಲಿ 35ರದ್ದೇ ಕೊಟ್ಟರು, ಪಕ್ಕದಲ್ಲಿ ನಿಲ್ಲಿಸಿದರೆ ಎರಡು ಮಿಲಿಮೀಟರ್ ಗಿಡ್ಡ. ಕುಶಾಲನಗರ ಅಣ್ಣ ಹೇಳದಿದ್ದರೆ ಅದನ್ನೇ ತರುತ್ತಿದ್ದರು. ಎರಡನೇ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ಮೂರ್ನಾಡು ಅಣ್ಣನ ಮಾತಿನ ಹಾಗೆ ಎರಡು ತಂದೆವು.

ಲೈನ್ ತೊಳೆದಿದ್ದೇ ದೊಡ್ಡ ಕೆಲಸ. ಕಾಕಿಗೆ ಹೋಸ್ ಹಾಕಿ ಅಂಗಳಕ್ಕೆ ಬಿಟ್ಟೆವು. ಮೊದಲು ತಿಳಿನೀರು ಬಂತು, ಏನೂ ಇಲ್ಲ ಅಂದುಕೊಂಡೆವು. ಮೂರು ನಾಲ್ಕು ನಿಮಿಷದ ಮೇಲೆ ಒಮ್ಮೆಲೇ ಕೆಂಪು ನೀರು! ಬಕೆಟಿನಲ್ಲಿ ಹಿಡಿದು ನಿಲ್ಲಿಸಿದರೆ ತಳದಲ್ಲಿ ಅರ್ಧ ಹಿಡಿ ಮರಳು, ಜೊತೆಗೆ ಪೈಪ್ ಕತ್ತರಿಸಿದಾಗ ಬಿದ್ದ ಪ್ಲಾಸ್ಟಿಕ್ ಪುಡಿ. ಇಪ್ಪತ್ತು ನಿಮಿಷ ಹರಿಸಿದೆವು.

ಕಾರ್ಟ್ರಿಡ್ಜ್ ಹಾಕಲು ಹತ್ತೇ ನಿಮಿಷ. ಮೊದಲ ಸಲ ಮೊಳೆ ಸರಿಯಾಗಿ ಕೂತಿರಲಿಲ್ಲ, ಫೋಟೊ ನೋಡಿ ಸರಿ ಮಾಡಿದೆ. ನಟ್ ಕಾಲು ಸುತ್ತು ಮಾತ್ರ ಬಿಗಿದೆ. ರಾತ್ರಿ ಸಿಂಕಿನಲ್ಲಿ ಒಣ ಪೇಪರ್ ಹಾಸಿ ಮಲಗಿದೆ. ಬೆಳಿಗ್ಗೆ ಪೇಪರ್ ಒಣಗಿಯೇ ಇತ್ತು.

ಮೇಷ್ಟ್ರೇ, ಟ್ಯಾಂಕಿನ ಪೈಪ್ ತಳಕ್ಕೆ ತಾಗಿಯೇ ಇದೆ. ಮಳೆ ಕಡಿಮೆಯಾದ ಮೇಲೆ, ಕೈಲ್‌ಪೊಳ್ದ್ ಹಬ್ಬ ಮುಗಿದ ಮರುವಾರ ಮನೆಯವರು ಟ್ಯಾಂಕ್ ಖಾಲಿ ಮಾಡಿ ತುಂಡು ಪೈಪ್ ನಿಲ್ಲಿಸುತ್ತಾರೆ. ಸ್ಟ್ರೈನರ್ ತಂದಾಗಿದೆ.

ಇವತ್ತು ಮದ್ದುಸೊಪ್ಪಿನ ಪಾಯಸ ಮಾಡಿದೆವು. ಪಾತ್ರೆಗಳೆಲ್ಲ ನೇರಳೆ ಬಣ್ಣ, ಸಿಂಕೂ ನೇರಳೆ. ನೆಂಟರು ಹೋದ ಮೇಲೆ ಅತ್ತೆ ನಾನೇ ತೊಳೆಯುತ್ತೇನೆ ಅಂದರು. ತೊಳೆದು ಮುಗಿಸಿ ಮಣಿಕಟ್ಟಿನಿಂದ ಹ್ಯಾಂಡಲ್ ತಳ್ಳಿದರು. ಸ್ವಲ್ಪ ಹೊತ್ತು ಅಲ್ಲೇ ನಿಂತು ಮೂತಿಯನ್ನೇ ನೋಡಿದರು. ಆಮೇಲೆ ದೀಪ ಆರಿಸಿ ಬಂದರು.